ಇಪ್ಪತ್ತೆರಡು ನಿಮಿಷ

ಮನ್ಯಾಗ ಓವನ್ ಹಚ್ಚಿದರ ಫ್ರಿಜ್ ಬಂದ್ ಬೀಳತಿತ್ತು,
ಫ್ರಿಜ್ ಹಚ್ಚಿದರ ಕ್ರೀಮ್ ಉಳೀತಿತ್ತು, ಕೇಕ್ ಹಸಿ.
ಅತ್ತಿಯ ಸಂಜಿ ಚಹಾಕ್ಕೂ ನನ್ನ ಸ್ಪಂಜಿಗೂ
ಒಂದೇ ಕಟ್ಟಿ, ಒಂದೇ ಪ್ಲಗ್ಗು.
ಹುಟ್ಟುಹಬ್ಬದ ಹೆಸರು ಬರೆದ ಡಬ್ಬಿಗಳು
ಮಂಚದ ಮ್ಯಾಲೆ ಮಲಗತಿದ್ವು, ನಾವು ನೆಲಕ್ಕ.
ಲೈಸನ್ಸಿನ ಸಾಹೇಬರು ಬಂದು ಮಂಚ ನೋಡಿದರು,
'ಬ್ಯಾರೆ ಜಾಗಾ ಮಾಡ್ಕೋರಿ ಬಾಯಿ.'
ಒಂದು ತುಂಡು ತಿಂದು, ಚಲೋ ಅದ ಅಂತ ಹೇಳಿ ಹೋದರು.

ಹುಡುಕಿದೆ.
ಅಥಣಿ ರೋಡಿನ ಕಲ್ಯಾಣ ಮಂಟಪದ ಅಡಗಿಮನಿ:
ಸಾವಿರ ಮಂದಿಯ ಹಂಡೆಗಳ ನಡುವ
ನನ್ನ ಆರಿಂಚಿನ ಟಿನ್ನು
ಅಪ್ಪನ ಚಪ್ಪಲಿಯೊಳಗಿನ ಕೂಸಿನ ಕಾಲಿನಂಗ ಕಾಣ್ತು.
ಬಾಡಿಗಿ ದಿನದ ಲೆಕ್ಕ. ತಾಸಿನ ಲೆಕ್ಕ ಅವರಿಗೆ ಗೊತ್ತಿಲ್ಲ.
ಸ್ಟೇಷನ್ ರೋಡಿನ ಬೇಕರಿಯಾಂವ
ರಾತ್ರಿ ಹನ್ನೊಂದರ ಮ್ಯಾಲೆ ಭಟ್ಟಿ ಕೊಡ್ತೀನಿ ಅಂದ,
ಡಬ್ಬಿ ಮ್ಯಾಲೆ ಮಾತ್ರ ಅವನ ಹೆಸರಂತ.
ಆಶ್ರಮ ರೋಡಿನ್ಯಾಗ ಒಂದು ಮುಚ್ಚಿದ ಮೆಸ್ಸು,
ನಳ, ಸಿಂಕು, ಗಾಳಿ, ಎಲ್ಲಾ ಹೇಳಿ ಮಾಡಿಸಿದಂಗ.
ನನ್ನ ಹೆಸರು ಕೇಳೂತನಾ
ಮಾಲಕರ ಕೈಯಾಗ ಕೀಲಿ ಇತ್ತು.

ಕಡೀಕ ಸಿಕ್ಕಿದ್ದು ಜೋರಾಪುರ ಪೇಟ್ಯಾಗ,
ಗುರಸಿದ್ದವ್ವನ ರೊಟ್ಟಿ ಕೇಂದ್ರ.
ಐದು ಒಲಿ, ಐದು ಹೆಂಗಸರು,
ಗೋಡಿಗೆ ಗೋಪುರದಂಗ ಏರಿಸಿಟ್ಟ ಖಡಕ್ ರೊಟ್ಟಿ.
ಮೂಲಿ ತೋರಿಸಿ ಅಂದಳು:
'ಎರಡರಿಂದ ಐದು. ಕರೆಂಟಿನ ಮೀಟರು ನಿಂದು ನಿನಗ.
ತಿಂಗಳಿಗೆ ಎರಡು ಸಾವಿರ. ತತ್ತಿ ಒಳಗ ಬರಬಾರದು.'
ಆಮ್ಯಾಲೆ ಹೆಸರು ಕೇಳಿದಳು. ದಿಲ್‌ಶಾದ್ ಅಂದೆ.
'ಬಾಯಾಗ ಹೊರಳವಲ್ದು, ದಿಲ್ಸಾದವ್ವಾ ಅಂತೀನಿ,'
ಹಿಟ್ಟಿನ ಕೈಲೇ ಕೀಲಿ ಕೊಟ್ಟಳು.

ತತ್ತಿ ಬಿಟ್ಟು ಮೊಸರು ಹಿಡಿದೆ.
ಈ ಊರಾಗ ಪಿಸುಗುಟ್ಟಿದ್ದೂ ಏಳು ಸಲ ಕೇಳಸ್ತದ,
ಗುಟ್ಟಿನ್ಯಾಗ ಒಡೆದ ತತ್ತಿ ಎಲ್ಲಿ ಮುಚ್ಚಿಡಲಿ?
ಮೊದಲ ದಿನದ ಕೇಕು ಉಬ್ಬಿ ಬಂತು,
ಗಾಜಿನ್ಯಾಗ ನೋಡಿ ನಾನೂ ಉಬ್ಬಿದೆ.
ನೋಡನೋಡತ ನಡುವ ಕುಸೀತು,
ಯಾರೋ ಹೆಬ್ಬಟ್ಟು ಒತ್ತಿದಂಗ.
ಎರಡನೇ ದಿನಾನೂ. ಮೂರನೇ ದಿನಾನೂ.
ಮೊಸರಿಗೆ ಬೈದೆ, ಸೋಡಾಕ್ಕ ಬೈದೆ,
ನಾಲ್ಕನೇ ದಿನ ಕಟ್ಟಿಗೆ ಕೈ ಇಟ್ಟೆ.
ತಿಳೀತು.
ಪಟ ಪಟ ಪಟ.
ಐದು ಮಂದಿಯ ಅಂಗೈ ಒಂದೇ ಉದ್ದನ ಶಹಾಬಾದ್ ಫರ್ಸಿ ಮ್ಯಾಲೆ,
ಅದರ ತುದಿಗೆ ನನ್ನ ಓವನ್ನು.
ಜ್ವಾಳ ಬಡಿಸಿಕೊಂಡಷ್ಟೂ ಅಗಲ ಆಗ್ತದ,
ಮೈದಾದ ಎದಿ ಒಡೀತದ.

ಕೇಳೂದು ಹ್ಯಾಂಗ, ರೊಟ್ಟಿ ಬಡೀಬ್ಯಾಡ್ರಿ ಅಂತ
ರೊಟ್ಟಿ ಬಡಿಯೂ ಮನ್ಯಾಗ?
ಕೇಳಿದೆ. ಭೌರವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು.
ಗುರಸಿದ್ದವ್ವ ಗಡಿಯಾರ ನೋಡಿದಳು. 'ಎಷ್ಟೊತ್ತು?'
'ಇಪ್ಪತ್ತೆರಡು ನಿಮಿಷ.'
'ಕೂಸು ಮಲಗೇತಿ ಅಂತ ತಿಳೀರೆವ್ವಾ.'

ನಿಂತಿತು.
ಒಲಿಯ ಉರಿ ಸಣ್ಣ ಆತು. ಹೊರಗ ಟಂಟಂ ಹಾರ್ನು ಕೇಳ್ತು,
ಗೋಡಿಯ ಹಲ್ಲಿ ಲೊಚಗುಟ್ಟಿದ್ದು ಕೇಳ್ತು,
ನೆಲ ತಟ್ಟಲಿಕ್ಕೆ ಹೋದ ಬೆರಳು
ಶಾಂತಾಬಾಯಿ ಅರ್ಧಕ್ಕ ತಡದಳು.
ಐದೂ ಮಂದಿ ಉಡಿಯಾಗ ಕೈ ಇಟ್ಕೊಂಡು ಕೂತಿದ್ದರು,
ಮಂದಿಯ ಸಾಮಾನು ಕಾಯ್ದಂಗ.
ಲಗಮವ್ವ ಅಂಗೈ ತಿರುವಿ ನೋಡಿಕೊಂಡಳು:
'ಹನ್ನೊಂದು ವರ್ಷಾತು, ಹಗಲಿನ್ಯಾಗ
ಇವು ಸುಮ್ಮನಿದ್ದದ್ದು ನೋಡಿಲ್ಲ ನಾ.'
ಯಾರೂ ಏನೂ ಅನ್ನಲಿಲ್ಲ.
ವೆನಿಲಾದ ವಾಸನಿ ರೊಟ್ಟಿಯ ಗೋಪುರ ಹತ್ತಿ ಇಳೀತು.

ಓವನ್ನು ಟಿಣ್ ಅಂತು.
ಕೇಕಿನ ನಡುವ ಗಟ್ಟಿ ನಿಂತಿತ್ತು.
ಯಾರೂ ಕೈ ಎತ್ತಲಿಲ್ಲ, ಇನ್ನೂ ಒಂದು ನಿಮಿಷ.

ತಿಂಗಳ ಕಡೀಕ ಗುರಸಿದ್ದವ್ವ ಚೀಟಿ ಬರದಳು:
ಕಟ್ಟಿ, ಎರಡು ಸಾವಿರ.
ಬಡಿಯದ ರೊಟ್ಟಿ ದಿನಕ್ಕ ಇಷ್ಟು ಅಂತ ಬೆರಳು ಎಣಿಸಿ, ಕೆಳಗ:
ಸುಮ್ಮನಿದ್ದದ್ದಕ್ಕ, ಮುನ್ನೂರು.
ಚೌಕಾಶಿ ಮಾಡಿದೆ. ಇನ್ನೂರೈವತ್ತಕ್ಕ ಬಂತು.
ನನ್ನ ವಹಿಯಾಗ ಈಗ
ಮೈದಾ, ಸಕ್ಕರಿ, ಕೋಕೋ, ಡಬ್ಬಿ, ರಿಬ್ಬನ್ನಿನ ಕೆಳಗ
ಅದನ್ನೂ ಬರದೀನಿ.
ಕೇಕಿಗೆ ಐದು ರೂಪಾಯಿ ಬೀಳ್ತದ.